ಕಾಲು ಪದಾತಿಯಷ್ಟು ಕೆಟ್ಟ ನಡೆ

1980, ಸ್ವೀಡನ್ನಿನ ಸ್ಕಾರಾ ಪಟ್ಟಣ, ಯುರೋಪಿನ ತಂಡಗಳ ಚಾಂಪಿಯನ್‌ಷಿಪ್. ವಿಶ್ವ ಚಾಂಪಿಯನ್ ಅನಾತೊಲಿ ಕಾರ್ಪೋವ್ ರಾಜನ ಮುಂದಿನ ಬಿಳಿ ಪದಾತಿಯನ್ನು ಎರಡು ಮನೆ ತಳ್ಳಿದರು. ಎದುರು ಕೂತಿದ್ದ ಇಂಗ್ಲೆಂಡಿನ ಟೋನಿ ಮೈಲ್ಸ್ ಅಂಚಿನಲ್ಲಿ ಆನೆಯ ಮುಂದಿದ್ದ ಪದಾತಿಯನ್ನು ಒಂದೇ ಒಂದು ಮನೆ ಸರಿಸಿದರು: ಎ6. ಎರಡನೆಯ ನಡೆಗೆ ಅದರ ಪಕ್ಕದ ಪದಾತಿ ಎರಡು ಮನೆ. ಸಭಾಂಗಣದಲ್ಲಿ ನಗೆ ಎದ್ದಿತಂತೆ. ಏಳಬೇಕಾದ್ದೇ. ನಡುಮನೆ ಹಿಡಿ, ಕುದುರೆ ಒಂಟೆಗಳನ್ನು ಬೇಗ ಹೊರಗೆ ತಾ, ಅಂಚಿನ ಪದಾತಿಗಳನ್ನು ಸುಮ್ಮನೆ ಮುಟ್ಟಬೇಡ ಎಂದು ಚೆಸ್ ಕಲಿಸುವ ಪ್ರತಿಯೊಬ್ಬ ಮೇಷ್ಟ್ರೂ ಮೊದಲ ವಾರದಲ್ಲೇ ಹೇಳುತ್ತಾರೆ. ಮೈಲ್ಸ್ ಅದನ್ನೆಲ್ಲ ವಿಶ್ವ ಚಾಂಪಿಯನ್ನನ ಎದುರೇ ಗಾಳಿಗೆ ತೂರಿದ್ದರು. ನಲವತ್ತಾರು ನಡೆಗಳಲ್ಲಿ ಕಾರ್ಪೋವ್ ಸೋತರು.

ಈ ಆಟವನ್ನು ಬಾಯಿಪಾಠದ ಮೇಲೆ ಸ್ವಂತ ಬುದ್ಧಿ ಸಾಧಿಸಿದ ಗೆಲುವು ಎಂದು ಹಾಡಿಹೊಗಳುವವರು ಬಹಳ. ನನ್ನ ಅನುಮಾನಗಳು ಬೇರೆ. ಆ ವಿಚಿತ್ರ ಆರಂಭ ಆ ಕ್ಷಣದಲ್ಲಿ ಹೊಳೆದದ್ದೇನಲ್ಲ. ಅದೇ ಇಂಗ್ಲೆಂಡಿನ ಮೈಕಲ್ ಬಾಸ್ಮನ್ ಇಂಥ ಅಡ್ಡದಾರಿಗಳಿಗೆಂದೇ ಹೆಸರಾದ ಆಟಗಾರ. ಮೈಲ್ಸ್ ಮಾಡಿದ್ದು ಆಯ್ಕೆ. ರಾಜಮಾರ್ಗದಲ್ಲಿ ಹೋದರೆ ಕಾರ್ಪೋವ್ ಕೈಯಲ್ಲಿ ನುಣ್ಣಗೆ ಅರೆಯಿಸಿಕೊಳ್ಳಬೇಕು. ಹಾಗಾಗುವ ಬದಲು ಸ್ವಲ್ಪ ಕೆಟ್ಟ ಸ್ಥಿತಿಯನ್ನು ತಾನಾಗಿ ಒಪ್ಪಿಕೊಂಡು, ಇಬ್ಬರಿಗೂ ದಾರಿ ಗೊತ್ತಿಲ್ಲದ ಕಡೆಗೆ ಎಳೆದೊಯ್ಯುವುದು. ‘ಸ್ವಲ್ಪ ಕೆಟ್ಟದ್ದು’ ಎಂಬ ಮಾತನ್ನು ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಧೈರ್ಯ ಹತ್ತು ವರ್ಷ ಮುಂಚೆ ಡೆನ್ಮಾರ್ಕಿನ ಬೆಂಟ್ ಲಾರ್ಸನ್‌ಗೂ ಇತ್ತು. 1970ರ ಬೆಲ್‌ಗ್ರೇಡಿನಲ್ಲಿ ಸೋವಿಯತ್ ಒಕ್ಕೂಟದ ಎದುರು ಉಳಿದ ಜಗತ್ತು. ಮೊದಲ ಬೋರ್ಡಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ ಎದುರು ಲಾರ್ಸನ್ ತಮ್ಮ ಪ್ರೀತಿಯ ಬಿ3 ಆಡಿದರು. ಹದಿನೇಳೇ ನಡೆ, ಅದೂ ಬಿಳಿ ಕಾಯಿಯಲ್ಲಿ, ಕಥೆ ಮುಗಿಯಿತು. ಸ್ಪಾಸ್ಕಿಯ ಎಚ್ ಪದಾತಿ ದಡದಡ ಇಳಿದು ಬಂದದ್ದು, ಕೊನೆಗೆ ಅವರು ಆನೆಯನ್ನೇ ಬಿಳಿ ರಾಜನ ಬದಿಯ ಮೂಲೆಯಲ್ಲಿ ಬಲಿಕೊಟ್ಟದ್ದು ಇವತ್ತಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತಿರುತ್ತದೆ. ಸ್ವಂತಿಕೆಯನ್ನು ಕೊಂಡಾಡುವ ನಮ್ಮಂಥ ಅಂಕಣಕಾರರು ಸ್ಕಾರಾದ ಕಥೆ ಹೇಳಿ ಬೆಲ್‌ಗ್ರೇಡಿನದನ್ನು ನುಂಗಿಕೊಳ್ಳುವುದುಂಟು.

ಅದೇ ಬೆಲ್‌ಗ್ರೇಡ್ ಬಾಯಿಪಾಠದವರ ರಾಜಧಾನಿಯೂ ಹೌದು. 1966ರಿಂದ ಆಯ್ದ ಆಟಗಳ ‘ಇನ್ಫಾರ್ಮೇಟರ್’ ಸಂಪುಟಗಳು ಅಲ್ಲಿಂದಲೇ ಹೊರಟವು. ಮುಂದೆ ಎಲ್ಲ ಆರಂಭಗಳನ್ನೂ ಎ00ಯಿಂದ ಇ99ರವರೆಗೆ ಐನೂರು ಸಂಕೇತಗಳಲ್ಲಿ ಕಟ್ಟಿಹಾಕಿದ ವಿಶ್ವಕೋಶವೂ ಅಲ್ಲಿಯದೇ. ಕಂಪ್ಯೂಟರುಗಳೂ ಇದನ್ನು ಓದಿದವು. ಯುನಿಕ್ಸ್ ಖ್ಯಾತಿಯ ಕೆನ್ ಥಾಂಪ್ಸನ್ ತಮ್ಮ ‘ಬೆಲ್’ ಯಂತ್ರಕ್ಕಾಗಿ ಈ ವಿಶ್ವಕೋಶದ ಸಾಲುಗಳನ್ನು ಕೂತು ಟೈಪ್ ಮಾಡಿದ್ದರು. ಲೆಕ್ಕ ಹಾಕುವುದರಲ್ಲಿ ಮನುಷ್ಯನನ್ನು ಮೀರಿಸುವ ಯಂತ್ರಕ್ಕೆ ಮೊದಲ ಹತ್ತು ಹನ್ನೆರಡು ನಡೆಗಳನ್ನು ಮನುಷ್ಯನೇ ಉರುಹೊಡೆಸಬೇಕಿತ್ತು.

ಆ ಉರು ಎಷ್ಟು ದೂರ ಹೋಯಿತೆಂಬುದಕ್ಕೆ 1997ರ ಮೇ 11ನ್ನು ನೋಡಬೇಕು. ನ್ಯೂಯಾರ್ಕಿನಲ್ಲಿ ಐಬಿಎಂನ ಯಂತ್ರ ಡೀಪ್ ಬ್ಲೂ ಮತ್ತು ವಿಶ್ವ ಚಾಂಪಿಯನ್ ಕಾಸ್ಪರೋವ್ ನಡುವಿನ ಆರನೆಯ, ಕೊನೆಯ ಆಟ. ಇಬ್ಬರದೂ ಎರಡೂವರೆ ಪಾಯಿಂಟ್. ಕಾಸ್ಪರೋವ್ ತಮಗೆ ಅಷ್ಟು ರೂಢಿಯಿಲ್ಲದ ಕಾರೋ-ಕಾನ್ ರಕ್ಷಣೆ ಆರಿಸಿಕೊಂಡು, ಏಳನೆಯ ನಡೆಗೆ ಎಚ್6 ಆಡಿ ಬಿಳಿಯ ಕುದುರೆಯನ್ನು ಕೆಣಕಿದರು. ಕುದುರೆ ಹಿಂದೆ ಸರಿಯಲಿಲ್ಲ. ಇ6ರ ಪದಾತಿಯನ್ನು ಹೊಡೆದು ತನ್ನನ್ನೇ ಬಲಿಕೊಟ್ಟುಕೊಂಡಿತು. ಕಪ್ಪು ರಾಜ ನಡುದಾರಿಯಲ್ಲಿ ಸಿಕ್ಕಿಬಿದ್ದ, ಹತ್ತೊಂಬತ್ತು ನಡೆಗಳಲ್ಲಿ ಎಲ್ಲ ಮುಗಿಯಿತು. ಕಾಸ್ಪರೋವ್ ನಡೆಗಳ ಕ್ರಮ ತಪ್ಪಿದರೋ, ಕಾಯಿಯಾಸೆಯ ಯಂತ್ರ ಕುದುರೆಯನ್ನು ಕೊಡಲಾರದೆಂದು ಜೂಜಾಡಿದರೋ, ಆ ವಾದ ಇನ್ನೂ ನಿಂತಿಲ್ಲ.

ಮರುದಿನ ಜಗತ್ತೆಲ್ಲ ಬರೆದದ್ದು ಯಂತ್ರ ಯೋಚಿಸಲು ಕಲಿಯಿತೆಂದು. ಆದರೆ ಆ ಕುದುರೆಯ ಬಲಿ ಯಂತ್ರ ಯೋಚಿಸಿ ಕೊಟ್ಟದ್ದಲ್ಲ. ಅದು ಅದರ ಓಪನಿಂಗ್ ಪುಸ್ತಕದಲ್ಲಿತ್ತು. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಜೋಯೆಲ್ ಬೆಂಜಮಿನ್ ಜತೆಗೂಡಿ ಐಬಿಎಂ ತಂಡ ತುಂಬಿಸಿಟ್ಟ ಪುಸ್ತಕ. ಅದೇ ಪಂದ್ಯದ ಮೂರನೆಯ ಆಟದಲ್ಲಿ ಕಾಸ್ಪರೋವ್ ಮೊದಲ ನಡೆಗೇ ಡಿ3 ಆಡಿದ್ದರು. ಹಾಗೆ ಆಡಿದ್ದು ಅದು ಒಳ್ಳೆಯ ನಡೆಯೆಂದಲ್ಲ, ಯಂತ್ರವನ್ನು ಪುಸ್ತಕದಿಂದ ಹೊರಗೆಳೆಯಲು. ಆ ಆಟ ಡ್ರಾ ಆಯಿತು. ಅಂದರೆ ಆ ಪಂದ್ಯದಲ್ಲಿ ಬಾಯಿಪಾಠ ಒಪ್ಪಿಸಿದ್ದು ಯಂತ್ರ, ಪುಸ್ತಕ ಬಿಟ್ಟು ಅಡ್ಡದಾರಿ ಹಿಡಿದದ್ದು ಮನುಷ್ಯ. ಗೆದ್ದದ್ದು ಬಾಯಿಪಾಠ.

ಸಿದ್ಧತೆ ಎಂಬುದು ಬರೀ ನೆನಪಿನ ಚೀಲವಲ್ಲ ಎಂದು ನನಗೆ ಮನದಟ್ಟು ಮಾಡಿಸಿದ್ದು 2008ರ ಅಕ್ಟೋಬರ್, ಜರ್ಮನಿಯ ಬಾನ್. ವಿಶ್ವನಾಥನ್ ಆನಂದ್ ಮತ್ತು ವ್ಲಾದಿಮಿರ್ ಕ್ರಾಮ್ನಿಕ್ ನಡುವಿನ ವಿಶ್ವ ಪಟ್ಟದ ಪಂದ್ಯ. ಬಹುಕಾಲ ಇ4 ಆಡಿಕೊಂಡು ಬಂದಿದ್ದ ಆನಂದ್ ಅಲ್ಲಿ ಬಿಳಿ ಕಾಯಿ ಸಿಕ್ಕಾಗ ಡಿ4 ಆಡತೊಡಗಿದರು. ಕ್ರಾಮ್ನಿಕ್ ತಿಂಗಳುಗಟ್ಟಲೆ ಮಾಡಿಕೊಂಡು ಬಂದಿದ್ದ ಅಭ್ಯಾಸದ ಒಂದು ದೊಡ್ಡ ಪಾಲು ಅಲ್ಲೇ ವ್ಯರ್ಥವಾಗಿರಬೇಕು. ನಿಜವಾದ ಏಟು ಬಿದ್ದದ್ದು ಮೂರನೆಯ ಆಟದಲ್ಲಿ. ಆನಂದ್ ಕಪ್ಪು ಕಾಯಿಯಲ್ಲಿ ಮೆರಾನ್ ಎಂಬ ಆರಂಭದ ಹಳೆಯ, ಚೂಪಾದ ಒಂದು ಲೈನ್ ಹಿಡಿದು ಹದಿನಾಲ್ಕನೆಯ ನಡೆಗೆ ಒಂಟೆಯನ್ನು ಬಿ7ಕ್ಕೆ ಇಟ್ಟರು. ಪದಾತಿಗಳ ಲೆಕ್ಕ ಕೆಟ್ಟಿತ್ತು, ರಾಜ ನಡುವಿನಲ್ಲೇ ಇದ್ದ. ಆದರೆ ಬಿಳಿ ರಾಜನ ಎದುರಿನ ಸಾಲು ತೆರೆದಿತ್ತು, ಉದ್ದ ಕರ್ಣದ ಮೇಲೆ ಆ ಒಂಟೆ ಕಣ್ಣಿಟ್ಟಿತ್ತು. ಪೀಟರ್ ಹೈನ್ ನೀಲ್ಸನ್, ಕಾಸಿಮ್‌ಜಾನೋವ್, ನಮ್ಮ ಸೂರ್ಯಶೇಖರ ಗಂಗೂಲಿ, ವೊಯ್ತಾಶೆಕ್ ಇದ್ದ ತಂಡದೊಡನೆ ಮುಂಚೆಯೇ ಅಗೆದು ನೋಡಿದ್ದ ಜಾಗ ಅದು. ಆನಂದ್ ಗೆದ್ದರು. ಐದನೆಯ ಆಟದಲ್ಲಿ ಕ್ರಾಮ್ನಿಕ್ ಹಟ ಹಿಡಿದು ಮತ್ತೆ ಅದೇ ಲೈನಿಗೆ ಬಂದರು, ಮತ್ತೆ ಸೋತರು. ಪಂದ್ಯ 6.5–4.5.

ಆ ಐದನೆಯ ಆಟವನ್ನು ಇನ್ನೊಮ್ಮೆ ಆಡಿ ನೋಡಿ. ಕ್ರಾಮ್ನಿಕ್ ಎಡವಿದ್ದು ಹದಿನಾಲ್ಕನೆಯ ನಡೆಯಲ್ಲಿ ಅಲ್ಲ, ಇಪ್ಪತ್ತೊಂಬತ್ತರಲ್ಲಿ. ಡಿ4ರ ಪದಾತಿಯನ್ನು ಕುದುರೆಯಿಂದ ಹೊಡೆದರು. ಮುಂದಿನ ಕೊಯ್ತವನ್ನೆಲ್ಲ ಎಣಿಸಿಯೇ ಹೊಡೆದದ್ದು, ಆದರೆ ಆ ಎಣಿಕೆಯ ಕೊನೆಯಲ್ಲಿ ಇ3ಕ್ಕೆ ಹಾರುವ ಕಪ್ಪು ಕುದುರೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆ ಕುದುರೆ ಯಾವ ಫೈಲಿನಲ್ಲೂ ಇರಲಿಲ್ಲ. ಮನೆಪಾಠ ಆನಂದರಿಗೆ ದೊರಕಿಸಿಕೊಟ್ಟದ್ದು ಗೆಲುವನ್ನಲ್ಲ, ಗಡಿಯಾರದ ಮೇಲಿನ ಸಮಯವನ್ನು, ಎದುರಾಳಿಯ ಮನಸ್ಸಿನೊಳಗಿನ ಕಳವಳವನ್ನು. ಉಳಿದದ್ದು ಬೋರ್ಡಿನ ಮೇಲೇ ಆಗಬೇಕಿತ್ತು.

ತಾಳಮದ್ದಳೆ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರ ಪದ್ಯ ಎಲ್ಲರಿಗೂ ಒಂದೇ. ಅರ್ಥವನ್ನು ಗಿಳಿಪಾಠ ಮಾಡಿಕೊಂಡು ಬಂದವನು ಎದುರು ಪಾತ್ರಧಾರಿ ಕೊಕ್ಕೆಪ್ರಶ್ನೆ ಹಾಕಿದೊಡನೆ ತಡವರಿಸುತ್ತಾನೆ. ಆದರೆ ಏನೂ ಓದದೆ, ಸ್ಫೂರ್ತಿಯೊಂದನ್ನೇ ನೆಚ್ಚಿ ಕೂತವನು ಇನ್ನೂ ಬೇಗ ತಡವರಿಸುತ್ತಾನೆ. ಒಳ್ಳೆಯ ಅರ್ಥಧಾರಿ ಮನೆಯಲ್ಲಿ ಎಷ್ಟು ಓದಿರುತ್ತಾನೆಂದರೆ ಎದುರಾಳಿಯ ಕೊಕ್ಕೆಯೇ ಅವನಿಗೆ ಹಬ್ಬ.

ಬಾನ್‌ನ ಗೆಲುವಿಗೆ ಐದು ವರ್ಷ ತುಂಬಿದ ಮರುತಿಂಗಳೇ ಇದೇ ಆನಂದ್ ತಮ್ಮದೇ ಊರು ಚೆನ್ನೈನಲ್ಲಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಕೂತರು. ಕಾರ್ಲ್‌ಸನ್ ಆಡಿದ್ದು ಹೆಚ್ಚಿನಂಶ ಸಪ್ಪೆ ಆರಂಭಗಳು: ಎಲ್ಲಿಯೂ ಮುಖಾಮುಖಿ ಇಲ್ಲ, ಸಾಣೆಹಿಡಿದ ಲೈನುಗಳ ತಂಟೆಯೇ ಇಲ್ಲ. ಒಂದಿಷ್ಟು ಸಮಾನವಾದ, ಕಾಯಿಗಳು ಉಳಿದ ಸ್ಥಿತಿ ಸಿಕ್ಕರೆ ಸಾಕು, ಐದಾರು ಗಂಟೆ ಹಿಂಡುತ್ತೇನೆ ಎಂಬಂತಿತ್ತು ಅವರ ಧೋರಣೆ. ಐದನೆಯ, ಆರನೆಯ ಆಟಗಳನ್ನು ಅಂತ್ಯದಾಟದಲ್ಲಿ ಹಿಂಡಿಯೇ ಗೆದ್ದರು. ಪಟ್ಟ 6.5–3.5ಕ್ಕೆ ಕೈಬದಲಾಯಿತು. ಆನಂದರ ಫೈಲುಗಳು ತೆರೆಯದೆಯೇ ಉಳಿದವು.

ಅಲ್ಲಿಂದಾಚೆಗೆ ಏನಾಗಿದೆ ಎಂಬುದೇ ನನಗೆ ಕುತೂಹಲದ ವಿಷಯ. ಚೆಸ್ ಆಡುವ ತಂತ್ರಾಂಶ, ಅಂದರೆ ಎಂಜಿನ್, ಈಗ ಪುಕ್ಕಟೆ ಸಿಗುತ್ತದೆ. ಹತ್ತು ವರ್ಷದ ಹುಡುಗಿಯ ಮೊಬೈಲಿನಲ್ಲಿರುವ ಸ್ಟಾಕ್‌ಫಿಶ್ ವಿಶ್ವ ಚಾಂಪಿಯನ್ನನಿಗಿಂತ ಗಟ್ಟಿ. ಯಾವುದೇ ಸ್ಥಿತಿಯಲ್ಲಿ ಅತ್ಯುತ್ತಮ ನಡೆ ಯಾವುದು ಎಂಬುದು ಹೀಗೆ ಎಲ್ಲರ ಆಸ್ತಿಯಾದ ಮೇಲೆ ಅದಕ್ಕೆ ಬೆಲೆ ಇಳಿಯಿತು. ಎದುರಾಳಿಗೂ ಅದು ಬಾಯಿಗೆ ಬರುತ್ತದೆ. ಹಾಗಾಗಿ ದೊಡ್ಡ ಆಟಗಾರರ ಸಹಾಯಕರು ಈಗ ರಾತ್ರಿಯೆಲ್ಲ ಹುಡುಕುವುದು ಎಂಜಿನ್ನಿನ ಪಟ್ಟಿಯಲ್ಲಿ ಮೂರನೆಯದೋ ನಾಲ್ಕನೆಯದೋ ಆದ ನಡೆಯನ್ನು. ಕಾಲು ಪದಾತಿಯಷ್ಟು ಕೆಟ್ಟದ್ದು, ಆದರೆ ಎದುರಾಳಿ ತೆರೆದು ನೋಡಿರದಂಥದ್ದು, ತಪ್ಪು ಉತ್ತರಕ್ಕೆ ದಂಡ ದೊಡ್ಡದಿರುವಂಥದ್ದು. ಮೈಲ್ಸ್ ಅಂದು ತಮಾಷೆಯ ವೇಷ ಹಾಕಿ ಮಾಡಿದ್ದನ್ನೇ ಇವರು ಗಂಭೀರವಾಗಿ, ದಶಮಾಂಶಗಳನ್ನು ಅಳೆದು ಮಾಡುತ್ತಿದ್ದಾರೆ. ಸ್ವಂತಿಕೆ ಇವತ್ತು ಉಳಿದಿರುವುದು ಈ ಕಾಲು ಪದಾತಿಯಲ್ಲೇ. ಮತ್ತು ಅದನ್ನೂ ಬಾಯಿಪಾಠ ಮಾಡಲೇಬೇಕು!

2023ರಲ್ಲಿ ಅಸ್ತಾನಾದ ವಿಶ್ವ ಪಂದ್ಯದ ಎರಡನೆಯ ಆಟದಲ್ಲಿ ಚೀನಾದ ಡಿಂಗ್ ಲಿರೆನ್ ನಾಲ್ಕನೆಯ ನಡೆಗೇ ಎಚ್3 ಆಡಿದರು. ಆ ಮಟ್ಟದಲ್ಲಿ, ಆ ಸ್ಥಿತಿಯಲ್ಲಿ ಅಂಚಿನ ಪದಾತಿ! ಹಂಗೇರಿಯ ರಾಪೋರ್ಟ್ ಅವರ ಸಹಾಯಕರಾಗಿದ್ದರೆಂದು ಗೊತ್ತಿದ್ದವರು ನಕ್ಕರು. ಆತ ಇಂಥದ್ದಕ್ಕೆ ಪ್ರಸಿದ್ಧ. ಡಿಂಗ್ ಆ ಆಟ ಸೋತರು. ಆದರೂ ಕೊನೆಗೆ ಪಟ್ಟ ಅವರದೇ ಆಯಿತು.

ಇನ್ನು ಯಂತ್ರಗಳ ಲೋಕ. 2017ರ ಕೊನೆಗೆ ಡೀಪ್‌ಮೈಂಡ್‌ನ ಆಲ್ಫಾಝೀರೋ ಬಂತು. ಅದಕ್ಕೆ ಯಾರೂ ಪುಸ್ತಕ ತುಂಬಿರಲಿಲ್ಲ. ನಿಯಮ ಮಾತ್ರ ಗೊತ್ತು, ಉಳಿದದ್ದನ್ನು ತನ್ನೊಡನೆ ತಾನೇ ಆಡಿ ಕಲಿತದ್ದು. ಸ್ಟಾಕ್‌ಫಿಶ್ ಎದುರಿನ ನೂರು ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಿತು. ಎಲ್ಲರ ಕಣ್ಣಿಗೆ ಬಿದ್ದದ್ದು ಅದರ ಬಲಿಗಳು, ಎಚ್ ಪದಾತಿಯನ್ನು ಎದುರಾಳಿಯ ಕೋಟೆಗೆ ನುಗ್ಗಿಸುವ ಅದರ ಚಾಳಿ. ನನಗೆ ಬೆರಗಾದದ್ದು ಬೇರೆ: ಯಾರ ಹಂಗೂ ಇಲ್ಲದ ಅದು ಕಲಿಯುತ್ತಾ ತಲುಪಿದ್ದು ಮನುಷ್ಯರು ಶತಮಾನಗಳಿಂದ ತುಳಿದ ಇಂಗ್ಲಿಷ್, ಕ್ವೀನ್ಸ್ ಗ್ಯಾಂಬಿಟ್‌ನಂಥ ದಾರಿಗಳನ್ನೇ. ಫ್ರೆಂಚ್ ರಕ್ಷಣೆಯನ್ನು ಸ್ವಲ್ಪ ಕಾಲ ಆಡಿನೋಡಿ ಬಿಟ್ಟಿತು. ಆ ಮಟ್ಟಿಗೆ ಹಳೆಯ ಪುಸ್ತಕದವರು ತಲೆ ಎತ್ತಿ ನಡೆಯಬಹುದು.

ಇನ್ನೂ ವಿಚಿತ್ರ ಟಿಸಿಇಸಿಯಲ್ಲಿ ನಡೆಯುತ್ತದೆ. 2010ರಿಂದ ಇರುವ ಎಂಜಿನ್‌ಗಳ ಪ್ರಮುಖ ಪಂದ್ಯಾವಳಿ ಇದು. ಇಲ್ಲಿ ಎಂಜಿನ್‌ಗಳಿಗೆ ಮೊದಲ ನಡೆಗಳನ್ನು ಆಡುವ ಹಕ್ಕೇ ಇಲ್ಲ. ಸ್ವತಂತ್ರವಾಗಿ ಬಿಟ್ಟರೆ ಬಲಶಾಲಿ ಎಂಜಿನ್‌ಗಳೆರಡು ಡ್ರಾ ಮೇಲೆ ಡ್ರಾ ಮಾಡುತ್ತಲೇ ಇರುತ್ತವೆ, ನೋಡುವವರು ಆಕಳಿಸಬೇಕು. ಆದ್ದರಿಂದ ಆರಂಭವನ್ನು ಮನುಷ್ಯರು ಆರಿಸಿ ಕೊಡುತ್ತಾರೆ. ನೆದರ್‌ಲ್ಯಾಂಡ್ಸ್‌ನ ಯೆರೂನ್ ನೂಮೆನ್ ಈ ಕೆಲಸದಲ್ಲಿ ಹಳೆಯ ಕೈ. ಗೆಲುವು ಮತ್ತು ಡ್ರಾ ನಡುವಿನ ಗಡಿಯ ಮೇಲೆ ತೂಗಾಡುವಂಥ ಸ್ಥಿತಿ ಬೇಕು: ಪೂರ್ತಿ ಕೆಟ್ಟಿರಬಾರದು, ನೆಟ್ಟಗೂ ಇರಬಾರದು. ಗ್ರ್ಯಾಂಡ್‌ಮಾಸ್ಟರುಗಳು ಮುಟ್ಟಲು ಹೆದರುವ ಕಿಂಗ್ಸ್ ಗ್ಯಾಂಬಿಟ್ಟಿನಂಥ ಆರಂಭಗಳೂ ಅಲ್ಲಿ ಮರುಜೀವ ಪಡೆಯುತ್ತವೆ. ನ್ಯಾಯಕ್ಕೆಂದು ಪ್ರತಿ ಸ್ಥಿತಿಯನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸುತ್ತಾರೆ. ಒಳ್ಳೆಯ ಕೆಟ್ಟ ನಡೆಯನ್ನು ಆರಿಸುವ ರುಚಿ ಯಂತ್ರಲೋಕದಲ್ಲೂ ಮನುಷ್ಯನ ಕೈಯಲ್ಲೇ ಇದೆ. ಇದು ನನಗೆ ತುಂಬ ಇಷ್ಟವಾದ ಸಂಗತಿ.

ಈ ಬಾಯಿಪಾಠದ ಗೋಜೇ ಬೇಡ ಎಂದು ಬಾಬಿ ಫಿಶರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಾರಿದ ಆಟ ಈಗ ಫ್ರೀಸ್ಟೈಲ್ ಎಂಬ ಹೆಸರಿನಲ್ಲಿ ಮೆರೆಯುತ್ತಿದೆ. ಹಿಂದಿನ ಸಾಲಿನ ಕಾಯಿಗಳನ್ನು ಕಲಸಿ ಇಡುತ್ತಾರೆ, 960 ಬಗೆ. ಕಾರ್ಲ್‌ಸನ್‌ಗೆ ಇದರ ಮೇಲೆ ಬಲು ಮೋಹ, 2019ರಲ್ಲಿ ವೆಸ್ಲಿ ಸೋ ಕೈಯಲ್ಲಿ 13.5–2.5ರ ಪೆಟ್ಟು ತಿಂದ ಮೇಲೂ. ನಾನು ನೋಡುತ್ತೇನೆ, ಆನಂದಿಸುತ್ತೇನೆ. ಆದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕಾರ್ಪೋವ್ ಎದುರು ಮೈಲ್ಸ್ ಆಡಿದ ಎ6ಕ್ಕೆ ಜನ ನಕ್ಕದ್ದು ಅದು ಯಾವ ರೂಢಿಯನ್ನು ಮುರಿಯುತ್ತಿದೆ ಎಂದು ಅವರಿಗೆ ಗೊತ್ತಿದ್ದರಿಂದ. ಮುರಿಯಲು ರೂಢಿಯೇ ಇಲ್ಲದ ಕಡೆ ಯಾರು ಯಾಕೆ ನಗಬೇಕು?

ಬಾಯಿಪಾಠ ಎಲ್ಲಿ ಮುಗಿಯಿತು, ಆಟ ಎಲ್ಲಿ ಶುರುವಾಯಿತು ಎಂದು ತಿಳಿಯಲು ಗ್ರ್ಯಾಂಡ್‌ಮಾಸ್ಟರ್ ಆಗಬೇಕಿಲ್ಲ. ನೇರಪ್ರಸಾರದಲ್ಲಿ ಎಂಜಿನ್ನಿನ ಅಂಕಪಟ್ಟಿಯನ್ನು ಕೈಯಿಂದ ಮುಚ್ಚಿ, ಗಡಿಯಾರಗಳನ್ನು ನೋಡಿ. 2024ರ ನವೆಂಬರ್‌ನಲ್ಲಿ ನಡೆದ ಸಿಂಗಪುರದ ವಿಶ್ವ ಪಂದ್ಯದ ಮೊದಲ ಆಟ ಇದಕ್ಕೆ ಒಳ್ಳೆಯ ಅಭ್ಯಾಸ. ಬಿಳಿ ಕಾಯಿಯ ಗುಕೇಶ್ ಎದುರು ಡಿಂಗ್ ತೆಗೆದದ್ದು ಆಲ್ಫಾಝೀರೋ ಕೈಬಿಟ್ಟಿದ್ದ ಅದೇ ಫ್ರೆಂಚ್ ರಕ್ಷಣೆ. ಮೊದಲು ಸರಸರ ನಡೆ ಇಟ್ಟವರು ಗುಕೇಶ್, ಕೂತು ಯೋಚಿಸಿದವರು ಡಿಂಗ್. ಸ್ವಲ್ಪ ಹೊತ್ತಿಗೆ ಯೋಚಿಸುವ ಸರದಿ ಗುಕೇಶರದಾಯಿತು, ಆಟ ಡಿಂಗ್‌ರದಾಯಿತು. ಗುಕೇಶ್ ಆ ಸೋಲನ್ನು ಎರಡೇ ಆಟಗಳಾಚೆ ತೀರಿಸಿದರು. ಆ ಮೂರನೆಯ ಆಟದಲ್ಲಿ ಗಡಿಯಾರ ಒತ್ತಿ ಹಿಡಿದದ್ದು ಡಿಂಗ್‌ರ ಕತ್ತನ್ನು.