ಟಿಲ್‌ಬರ್ಗಿನಲ್ಲಿ ಎರಡನೇ ಕಾರು: ಸೆಡಾನ್ ಯಾಕೆ ಬೇಕು?

ನೆದರ್ಲೆಂಡ್ಸಿನ ಟಿಲ್‌ಬರ್ಗಿನ ಪಶ್ಚಿಮಕ್ಕಿರುವ ರೀಶೋಫ್ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮನೆಗಳ ಮುಂದೆ ಕಾಣುವುದು ಹ್ಯಾಚ್‌ಬ್ಯಾಕು, ಸ್ಟೇಷನ್ ವ್ಯಾಗನ್ನು, ಇತ್ತೀಚೆಗೆ ಎತ್ತರದ ಎಲೆಕ್ಟ್ರಿಕ್ ಎಸ್‌ಯುವಿ. ಬೆನ್ನ ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ಸೆಡಾನ್ ಹುಡುಕಿದರೆ ಸಿಕ್ಕೀತು, ಅಷ್ಟೆ. ಆದರೂ ಐಂಡ್‌ಹೋವನ್, ಫೆಲ್ಡ್‌ಹೋವನ್ ಕಡೆ ಕೆಲಸಕ್ಕೆಂದು ಬಂದು, ಅಲ್ಲಿ ಮನೆ ಸಿಗದೆ ಟಿಲ್‌ಬರ್ಗಿಗೆ ಸರಿದ ನಮ್ಮ ಕನ್ನಡದ ಎಳೆಯ ದಂಪತಿಗಳಲ್ಲಿ ಎರಡನೇ ಕಾರಿನ ಮಾತು ಬಂತೆಂದರೆ ಸಾಕು, ಸೆಡಾನ್ ಹೆಸರು ಮೊದಲು ಬರುತ್ತದೆ. ಹೊಸದೇ ಬೇಕು, ಸೆಡಾನೇ ಬೇಕು. ಪುಸ್ತಕವನ್ನೋ ಸಿನಿಮಾವನ್ನೋ ತೂಗಿ ನೋಡುವ ಹಾಗೆ ಈ ಆಯ್ಕೆಯನ್ನೂ ತೂಗಿ ನೋಡಬಹುದು. ನನ್ನ ತಕರಾರು ಸೆಡಾನ್ ಮೇಲಲ್ಲ, ಅದಕ್ಕೆ ಕೊಡುತ್ತಿರುವ ಜಾಗದ ಮೇಲೆ.

ಈ ಆಸೆ ಹುಟ್ಟಿದ್ದು ನೆದರ್ಲೆಂಡ್ಸಿನಲ್ಲಲ್ಲ. ಅಂಬಾಸಿಡರ್, ಕಾಂಟೆಸ್ಸಾ, ಎಸ್ಟೀಮ್, 1998ರಲ್ಲಿ ಬಂದ ಹೋಂಡಾ ಸಿಟಿ, ಇವೆಲ್ಲ ನಮ್ಮ ಅಪ್ಪಂದಿರ ಕಾಲದಲ್ಲಿ ‘ದೊಡ್ಡ ಕಾರು’ ಅನ್ನಿಸಿಕೊಂಡವು. ಮಾರುತಿ 800 ಇದ್ದವನು ಬಡ್ತಿ ಸಿಕ್ಕಾಗ ಡಿಕ್ಕಿ ಇರುವ ಕಾರಿಗೆ ಹೋಗುತ್ತಿದ್ದ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡ ಕಾರುಗಳಿಗೆ ಸುಂಕ ಇಳಿದ ಮೇಲೆ ಆ ಆಸೆಯನ್ನೂ ಕತ್ತರಿಸಿ ಅಳತೆಗೆ ಹೊಂದಿಸಿದರು: 2008ರಲ್ಲಿ ನಾಲ್ಕು ಮೀಟರ್ ದಾಟಿದ್ದ ಡಿಸೈರ್ 2012ರಲ್ಲಿ ಬಾಲ ಕುಗ್ಗಿಸಿಕೊಂಡು 3.995 ಮೀಟರಿಗೆ ಬಂತು. ನೋಡಲು ಅಂದವಿರಲಿಲ್ಲ, ಆದರೂ ಜನ ಮುಗಿಬಿದ್ದು ಕೊಂಡರು. ಡಿಕ್ಕಿ ಇದೆಯಲ್ಲ! ಈಗ ಬೆಂಗಳೂರಿನಲ್ಲೇ ಆ ಗತ್ತು ಹೋಗಿದೆ. ದೇವನಹಳ್ಳಿ ವಿಮಾನ ನಿಲ್ದಾಣದ ಟ್ಯಾಕ್ಸಿ ಸಾಲಿನಲ್ಲಿ ಎಟಿಯೋಸ್, ಡಿಸೈರ್‌ಗಳನ್ನು ಕಂಡು ಕಂಡು ಮಧ್ಯಮ ವರ್ಗ ಎಸ್‌ಯುವಿಗೆ ಹಾರಿತು. ಊರು ಬಿಟ್ಟವರು ಮಾತ್ರ ಹೊರಟ ದಿನದ ಊರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಸೆಡಾನ್ ಆಸೆಯೂ ಆ ಸಾಮಾನಿನ ಜೊತೆಗೇ ಬಂದದ್ದು.

ಟಿಲ್‌ಬರ್ಗಿಗೆ ಈ ಆಸೆಯನ್ನು ಉಬ್ಬಿಸುವ ಒಂದು ಕಥೆಯೂ ಇದೆ. ಒಂದು ಕಾಲಕ್ಕೆ ಉಣ್ಣೆ ಗಿರಣಿಗಳ ಊರಾಗಿದ್ದ ಇಲ್ಲಿ 2013ರಲ್ಲಿ ಟೆಸ್ಲಾ ತನ್ನ ಯುರೋಪಿನ ಜೋಡಣಾ ಘಟಕ ತೆರೆಯಿತು. ಕ್ಯಾಲಿಫೋರ್ನಿಯಾದ ಫ್ರೆಮಾಂಟ್‌ನಿಂದ ಬಂದ ಮಾಡೆಲ್ ಎಸ್ ಕಾರುಗಳಿಗೆ ಕೊನೆಯ ಜೋಡಣೆ ಆಗುತ್ತಿದ್ದದ್ದು ಈ ಊರಿನಲ್ಲಿ. ‘ನಮ್ಮೂರಿನಲ್ಲೇ ಸೆಡಾನ್ ಮಾಡ್ತಿದ್ರು’ ಎಂದು ಹೇಳಿಕೊಳ್ಳುವವರಿದ್ದಾರೆ. ಆದರೆ ಮಾಡೆಲ್ ಎಸ್‌ನ ಹಿಂಭಾಗ ಎತ್ತಿ ನೋಡಿ. ಹಿಂದಿನ ಗಾಜೂ ಸೇರಿ ಇಡೀ ಬಾಗಿಲು ಮೇಲೇಳುತ್ತದೆ. ಸೆಡಾನಿನ ವೇಷ ತೊಟ್ಟ ಹ್ಯಾಚ್‌ಬ್ಯಾಕ್ ಅದು. ನಿಜವಾದ ಡಿಕ್ಕಿ ಇರುವುದು ಅದರ ತಮ್ಮ ಮಾಡೆಲ್ 3ಕ್ಕೆ.

ಆ ಮಾಡೆಲ್ 3 ನೆದರ್ಲೆಂಡ್ಸಿನಲ್ಲಿ 2019ರಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು, ಒಂದೇ ವರ್ಷದಲ್ಲಿ ಸುಮಾರು 30,000. ಸೆಡಾನ್ ಪರ ವಾದಿಸುವವರು ಈ ಅಂಕಿಯನ್ನು ತಪ್ಪದೆ ತರುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಂಪನಿ ಕೊಟ್ಟ ಕಾರನ್ನು ಸ್ವಂತಕ್ಕೂ ಓಡಿಸಿದರೆ ಕಾರಿನ ಬೆಲೆಯ ಒಂದು ಪಾಲನ್ನು ಇಲ್ಲಿ ನಿಮ್ಮ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಬೈಟೆಲ್ಲಿಂಗ್ ಅನ್ನುವುದು ಇದನ್ನೇ. ಪೆಟ್ರೋಲ್ ಕಾರಿಗೆ ಆ ಪಾಲು ಶೇ 22. ಎಲೆಕ್ಟ್ರಿಕ್ ಕಾರಿಗೆ 2019ರಲ್ಲಿ 50,000 ಯೂರೊವರೆಗೆ ಬರೀ ಶೇ 4 ಇತ್ತು, 2020ಕ್ಕೆ ಶೇ 8 ಆಗುವುದಿತ್ತು. ಡಿಸೆಂಬರ್ ಮುಗಿಯುವುದರೊಳಗೆ ಕಾರು ಕೈಗೆ ಬರಲಿ ಎಂದು ಜನ ಸಾಲುಗಟ್ಟಿದರು. ಆ ವರ್ಷ ಗೆದ್ದದ್ದು ತೆರಿಗೆಯ ಲೆಕ್ಕ, ಡಿಕ್ಕಿಯ ಆಕಾರ ಅಲ್ಲ. 2023 ಮತ್ತು 2024ರಲ್ಲಿ ಪಟ್ಟಿಯ ತುದಿಗೇರಿದ್ದು ಅದೇ ಕಂಪನಿಯ ಮಾಡೆಲ್ ವೈ. ಮಾಡೆಲ್ 3ರ ಬಹುಪಾಲು ಅಂಗಾಂಗಗಳನ್ನೇ ಇಟ್ಟುಕೊಂಡು, ಎತ್ತರ ಹೆಚ್ಚಿಸಿ, ಹಿಂದೆ ದೊಡ್ಡ ಬಾಗಿಲು ಕೂರಿಸಿದ ಕಾರು ಅದು. ಡಚ್ಚರು ಡಿಕ್ಕಿಯನ್ನು ಬಿಟ್ಟು ಬಾಗಿಲನ್ನು ಆರಿಸಿಕೊಂಡರು. ಯುರೋಪಿನಲ್ಲಿ ಸಿಗುವ ಹೊಸ ಫೋಕ್ಸ್‌ವ್ಯಾಗನ್ ಪಸಾಟ್ ಕೂಡ ಈಗ ಸ್ಟೇಷನ್ ವ್ಯಾಗನ್ ರೂಪದಲ್ಲಿ ಮಾತ್ರ ಇದೆ.

ಡಿಕ್ಕಿಯ ವಿಷಯದಲ್ಲಿ ಎಲ್ಲರೂ ಲೀಟರ್ ಲೆಕ್ಕ ಹೇಳುತ್ತಾರೆ. ಮಾಡೆಲ್ 3ರದ್ದು 594 ಲೀಟರ್, ಸ್ಕೋಡಾ ಆಕ್ಟೇವಿಯಾದ್ದು 600. ಕಾಗದದ ಮೇಲೆ ಎರಡೂ ಒಂದೇ. ಮಡಚಿದ ಮಗುವಿನ ಗಾಡಿಯೊಂದನ್ನು ಎತ್ತಿ ಒಳಗಿಡಲು ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. ಆಕ್ಟೇವಿಯಾದಲ್ಲಿ ಗಾಜಿನ ಸಮೇತ ಬಾಗಿಲು ಎದ್ದುಹೋಗುವುದರಿಂದ ಗಾಡಿಯನ್ನು ನೇರವಾಗಿ ಮೇಲಿನಿಂದ ಇಳಿಸಬಹುದು. ಸೆಡಾನಿನಲ್ಲಿ ಹಿಂದಿನ ಗಾಜಿನ ಕೆಳ ಅಂಚಿಗೂ ಬಂಪರ್ ಮೇಲಿನ ಅಂಚಿಗೂ ನಡುವೆ ಉಳಿಯುವ ಕಿಂಡಿಯಲ್ಲಿ ಅದನ್ನು ಓರೆ ಮಾಡಿ, ಚಕ್ರ ಮೊದಲು ನುಗ್ಗಿಸಿ, ಆಮೇಲೆ ಸೊಂಟ ಬಗ್ಗಿಸಿ ಒಳಕ್ಕೆ ದಬ್ಬಬೇಕು. ಒಳಗೆ ಜಾಗ ಧಾರಾಳವಾಗಿದೆ, ಹೋಗುವ ದಾರಿಯೇ ಕಿರಿದು, ಬಾಯಿ ಸಣ್ಣದಾದ ಉಪ್ಪಿನಕಾಯಿ ಭರಣಿಯ ಹಾಗೆ. ಮಾಡೆಲ್ 3ಕ್ಕೆ ದೊಡ್ಡ ಬಾಗಿಲು ಕೊಡದೆ ಇದ್ದದ್ದಕ್ಕೆ ಕಾರಣವಿದೆ: ಛಾವಣಿಗೆ ಅಡ್ಡಪಟ್ಟಿ ಹಾಕದೆ ಗಾಜನ್ನು ಹಿಂದಕ್ಕೆ ಎಳೆದದ್ದು ಹಿಂದಿನ ಸೀಟಿನವರ ತಲೆಗೆ ಜಾಗ ಸಿಗಲೆಂದು. ಕಾರಣ ಒಪ್ಪಬಹುದು, ಮಗುವಿನ ಗಾಡಿ ಒಪ್ಪುವುದಿಲ್ಲ.

ಎಲ್ಲ ಸೆಡಾನ್‌ಗೂ ಅಷ್ಟು ಲೀಟರಾದರೂ ಇದೆಯೇ ಎಂದರೆ, ಇಲ್ಲ. ಬಿವೈಡಿ ಸೀಲ್ 4.80 ಮೀಟರ್ ಉದ್ದ, ಡಿಕ್ಕಿ 400 ಲೀಟರ್. ಹ್ಯುಂಡೈ ಅಯೋನಿಕ್ 6 ಇನ್ನೂ ಉದ್ದ, ಡಿಕ್ಕಿ 401. ಫೋಕ್ಸ್‌ವ್ಯಾಗನ್ ಪೋಲೋ 4.07 ಮೀಟರಿನದು, ಅದರ ಡಿಕ್ಕಿ 351. ಮುಕ್ಕಾಲು ಮೀಟರಿನಷ್ಟು ಹೆಚ್ಚು ಕಾರು ಕೊಂಡು, ಅದನ್ನು ದಿನಾ ಬೀದಿಬದಿಯ ಜಾಗದಲ್ಲಿ ಹಿಂದೆ ಮುಂದೆ ಮಾಡಿ ತುರುಕಿ, ಪ್ರತಿಯಾಗಿ ಪಡೆಯುವುದು ಐವತ್ತು ಲೀಟರ್. ಪೋಲೋದ ಹಿಂದಿನ ಸೀಟು ಮಡಚಿದರೆ ಮುಂಗಾಲಿ ಬಿಚ್ಚಿದ ಸೈಕಲ್ಲನ್ನೂ ಮಲಗಿಸಬಹುದು. ಸೆಡಾನ್‌ನ ಸಣ್ಣ ಬಾಯಲ್ಲಿ ಅದು ಅಷ್ಟು ಸುಲಭವಲ್ಲ. ಟಿಲ್‌ಬರ್ಗಿನಲ್ಲಿ ಇದು ಸಣ್ಣ ಮಾತಲ್ಲ. ದೇಶದ ಮೊದಲ ಮಾದರಿ ಸೈಕಲ್ ಪಥಗಳಲ್ಲೊಂದನ್ನು 1970ರ ದಶಕದಲ್ಲಿ ಹಾಕಿದ ಊರು ಇದು. ಇಲ್ಲಿ ಕಾರಿಗೂ ಸೈಕಲ್ಲಿಗೂ ನೆಂಟಸ್ತನ ಕಡ್ಡಾಯ.

ಹಿಂದಿನ ಸೀಟಿನ ಮಾತು ಅಪ್ಪ ಅಮ್ಮ ಬಂದಾಗ ಏಳುತ್ತದೆ. ಬಾಣಂತನಕ್ಕೋ ಬೇಸಗೆಗೋ ಊರಿನಿಂದ ಬಂದವರು ಎರಡು ಮೂರು ತಿಂಗಳು ಇರುತ್ತಾರೆ. ಮಂಡಿನೋವಿನ ಅಮ್ಮ ಇಳಿಜಾರು ಛಾವಣಿಯ ಕೆಳಗೆ ತಲೆ ತಗ್ಗಿಸಿ ಒಳಗೆ ಕುಸಿಯಬೇಕು. ಎಲೆಕ್ಟ್ರಿಕ್ ಸೆಡಾನ್‌ನಲ್ಲಿ ಇನ್ನೊಂದು ತೊಂದರೆ ಇದೆ. ಬ್ಯಾಟರಿ ನೆಲದಡಿ ಇರುವುದರಿಂದ ಕಾಲಿಡುವ ಜಾಗ ಮೇಲಕ್ಕೆ ಬಂದಿರುತ್ತದೆ, ಛಾವಣಿ ತಗ್ಗೆಂದು ಸೀಟನ್ನು ಎತ್ತರಿಸುವಂತಿಲ್ಲ. ಮಂಡಿ ಮೇಲೆದ್ದು, ತೊಡೆಗೆ ಆಸರೆ ಸಿಗದೆ, ಮಣೆಯ ಮೇಲೆ ಕುಳಿತ ಭಂಗಿಯಾಗುತ್ತದೆ. ಅರ್ಧ ಗಂಟೆಗೆ ಸರಿ, ಪ್ಯಾರಿಸ್ಸಿಗೆ ಕಷ್ಟ. ಮಗುವನ್ನು ಹಿಮ್ಮುಖದ ಸೀಟಿಗೆ ಕೂರಿಸಿ ಬೆಲ್ಟ್ ಹಾಕುವವರ ಬೆನ್ನಿಗೂ ಇದೇ ಪಾಡು, ಅದೂ ಮಳೆಯಲ್ಲಿ. ಮಾರುವವರು ಟೆಸ್ಟ್ ಡ್ರೈವ್‌ಗೆ ಕರೆದೊಯ್ದಾಗ ನಾವು ಸ್ಟೀರಿಂಗ್ ಹಿಂದೆ ಕುಳಿತು ಪರದೆ ನೋಡುತ್ತೇವೆ. ಹಿಂದೆ ಕೂತು ನೋಡುವವರು ಎಷ್ಟು ಮಂದಿ?

ಸೆಡಾನಿಗೆ ಸಲ್ಲಬೇಕಾದ ಹೊಗಳಿಕೆಯೂ ಇದೆ. ಗಾಳಿಯನ್ನು ಸೀಳುವುದರಲ್ಲಿ ಅದಕ್ಕೆ ಸಮ ಇಲ್ಲ. ಅಯೋನಿಕ್ 6ರ ಗಾಳಿಪ್ರತಿರೋಧದ ಗುಣಾಂಕ 0.21, ಮಾಡೆಲ್ 3ರದ್ದು 0.22. ಒಂದೇ ಬ್ಯಾಟರಿಯಲ್ಲಿ ಎಸ್‌ಯುವಿಗಿಂತ ಹೆಚ್ಚು ದೂರ ಹೋಗುತ್ತದೆ. ಡಿಕ್ಕಿ ಪ್ರತ್ಯೇಕ ಇರುವುದರಿಂದ ಹಿಂದಿನ ಚಕ್ರದ ಸದ್ದು ಒಳಗೆ ಕಡಿಮೆ ಬರುತ್ತದೆ. ಜರ್ಮನಿಯ ಆಟೋಬಾನ್‌ನಲ್ಲಿ ಮೂರು ಗಂಟೆ ಓಡಿಸಿದವರಿಗೆ ಈ ಸುಖ ಗೊತ್ತು. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಮತ್ತು 2020ರ ಮಾರ್ಚಿನಿಂದ ನೆದರ್ಲೆಂಡ್ಸಿನ ಬಹುತೇಕ ಹೆದ್ದಾರಿಗಳಲ್ಲಿ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಗಂಟೆಗೆ 100 ಕಿ.ಮೀ. ದಾಟುವಂತಿಲ್ಲ. ಬ್ರೇಡಾ, ಟಿಲ್‌ಬರ್ಗ್, ಐಂಡ್‌ಹೋವನ್ ಜೋಡಿಸುವ ಎ58ರಲ್ಲಿ ಕೆಲಸದ ಹೊತ್ತಿಗೆ ಆ ನೂರು ಮುಟ್ಟಿದರೂ ಪುಣ್ಯ. ಸೆಡಾನಿನ ದೊಡ್ಡ ಗುಣ ತೆರೆದುಕೊಳ್ಳಲು ದೂರ ಬೇಕು, ವೇಗ ಬೇಕು. ಎರಡನೇ ಕಾರಿನ ಕೆಲಸ ಡೇಕೇರ್, ರೀಶೋಫ್ ಸ್ಟೇಷನ್, ಐಂಡ್‌ಹೋವನ್ನಿನ ಇಂಡಿಯನ್ ಅಂಗಡಿಯ ಅಕ್ಕಿ ಮೂಟೆ, ಕಾಟ್ಸ್‌ಹ್ಯೂವಲ್‌ನ ಎಫ್ಟೆಲಿಂಗ್ ಮನರಂಜನಾ ಪಾರ್ಕು. ಗುಣ ಒಂದು ಕಡೆ, ಕೆಲಸ ಇನ್ನೊಂದು ಕಡೆ.

ಇನ್ನು ದುಡ್ಡು. ಅಪಘಾತವಿಲ್ಲದೆ ಓಡಿಸಿದ ವರ್ಷಗಳಿಗೆ ಇಲ್ಲೂ ವಿಮೆಯಲ್ಲಿ ರಿಯಾಯಿತಿ ಇದೆ, ನಮ್ಮ ನೋ ಕ್ಲೇಮ್ ಬೋನಸ್ ಹಾಗೆ. ಆ ವರ್ಷಗಳನ್ನು ಒಂದೇ ಪಾಲಿಸಿಗೆ ಬಳಸಬಹುದು. ಎರಡನೇ ಕಾರು ಸೊನ್ನೆಯಿಂದ ಶುರು, ಇಲ್ಲವೇ ‘ಎರಡನೇ ಕುಟುಂಬದ ಕಾರು’ ಎಂಬ ಪಾಲಿಸಿ. ಅದರಲ್ಲಿ ರಿಯಾಯಿತಿ ಸಿಗುತ್ತದೆ, ಆದರೆ ಕೆಲವು ಕಂಪನಿಗಳಲ್ಲಿ ನಿಮ್ಮ ಖಾತೆಗೆ ವರ್ಷಗಳು ಕೂಡುವುದಿಲ್ಲ. ಹೊಸ ಸೆಡಾನ್‌ಗೆ ಪೂರ್ಣ ವಿಮೆಯೇ ಬೇಕು, ಆದ್ದರಿಂದ ಈ ಏಟು ಜೋರು. ರಸ್ತೆ ತೆರಿಗೆ ಕಾರಿನ ತೂಕ ನೋಡಿ ಹಾಕುವುದು. 2024ರ ಕೊನೆಯವರೆಗೆ ಎಲೆಕ್ಟ್ರಿಕ್ ಕಾರಿಗೆ ಅದು ಪೂರ್ತಿ ಮಾಫಿ ಇತ್ತು, 2025ರಲ್ಲಿ ಕಾಲು ಭಾಗ ಕಟ್ಟಬೇಕಾಯಿತು, ಆಮೇಲೆ ರಿಯಾಯಿತಿ ಇನ್ನಷ್ಟು ಕರಗಿತು. ಬ್ಯಾಟರಿಯ ಭಾರ ಹೊತ್ತ ಸೆಡಾನಿಗೆ ಇದು ತಟ್ಟದೆ ಇರುವುದಿಲ್ಲ. ಕಾರು ನಿಂತಿದ್ದರೂ ತೆರಿಗೆ ಓಡುತ್ತಿರುತ್ತದೆ.

ನಮ್ಮವರು ಹೆಚ್ಚು ಎಡವುವುದು ಇನ್ನೊಂದು ಕಡೆ. ಕೈಯಲ್ಲಿ ಒಟ್ಟು ಹಣ ಇಲ್ಲದಿದ್ದರೆ ತಿಂಗಳ ಕಂತಿನ ಪ್ರೈವೇಟ್ ಲೀಸ್ ಸುಲಭ ಅನ್ನಿಸುತ್ತದೆ: ವಿಮೆ, ರಿಪೇರಿ, ತೆರಿಗೆ ಎಲ್ಲ ಅದರಲ್ಲೇ. ಆದರೆ ಆ ಲೀಸ್ ಬಿಕೆಆರ್ ಎಂಬ ಸಾಲ ನೋಂದಣಿ ಸಂಸ್ಥೆಯ ಕಡತಕ್ಕೆ ಸೇರುತ್ತದೆ, ಮನೆಸಾಲಕ್ಕೆ ಹೋದಾಗ ಬ್ಯಾಂಕು ಅದನ್ನು ನೋಡಿ ಕೊಡುವ ಮೊತ್ತ ಇಳಿಸುತ್ತದೆ. ಒಂದೆರಡು ವರ್ಷದಲ್ಲಿ ಮನೆ ಕೊಳ್ಳುವ ಯೋಚನೆಯಲ್ಲಿರುವ ದಂಪತಿ ಹೊಸ ಸೆಡಾನ್ ಲೀಸ್‌ಗೆ ಸಹಿ ಹಾಕುವುದೆಂದರೆ ಮನೆಯ ಒಂದು ಕೋಣೆಯನ್ನು ಮೊದಲೇ ಬಿಟ್ಟುಕೊಟ್ಟ ಹಾಗೆ. ಈ ಮಾತನ್ನು ಶೋರೂಮಿನಲ್ಲಿ ತಾವಾಗಿ ಎತ್ತುವವರು ಕಡಿಮೆ.

ಹಾಗಾದರೆ ಯಾರಿಗೆ ಸೆಡಾನ್? ಒಬ್ಬರು ಬ್ರೇಡಾ ಕಡೆ, ಇನ್ನೊಬ್ಬರು ಫೆಲ್ಡ್‌ಹೋವನ್ ಕಡೆ, ಇಬ್ಬರ ಆಫೀಸಿಗೂ ರೈಲು ದೂರ, ಮಗು ಇನ್ನೂ ಇಲ್ಲ, ಮನೆ ಕೊಳ್ಳುವ ಆತುರವಿಲ್ಲ, ರಜೆ ಸಿಕ್ಕರೆ ಆಲ್ಪ್ಸ್ ಕಡೆಗೆ ಹೊರಡುವ ಹುಮ್ಮಸ್ಸಿದೆ. ಅಂಥವರು ಕಣ್ಣು ಮುಚ್ಚಿ ಕೊಳ್ಳಲಿ. ಉಳಿದವರಿಗೆ ನನ್ನ ಸಲಹೆ, ಸರದಿ ತಿರುಗಿಸಿ. ಸೆಡಾನ್ ಮೇಲೆ ಅಷ್ಟು ಪ್ರೀತಿ ಇದ್ದರೆ ಅದನ್ನು ಮೊದಲ ಕಾರು ಮಾಡಿಕೊಳ್ಳಿ, ಕಂಪನಿ ಲೀಸ್ ಬದಲಾಗುವಾಗ ಕೇಳಿ ಪಡೆಯಿರಿ. ಎರಡನೆಯದಕ್ಕೆ ಮೂರು ನಾಲ್ಕು ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್ ಸಾಕು. ಗೀಚು ಬಿದ್ದರೂ ಎದೆ ಒಡೆಯುವುದಿಲ್ಲ. ಅದಕ್ಕೂ ಮೊದಲು ಮನೆಯ ಇನ್ನೊಬ್ಬರ ಲೈಸೆನ್ಸ್ ಕೆಲಸ ಮುಗಿಸಿ. ಹೊರದೇಶದಿಂದ ಬಂದ ನೌಕರರಿಗೆ ಕೊಡುವ ಶೇ 30 ತೆರಿಗೆ ಸೌಲಭ್ಯ ಇರುವವರ ಮನೆಯವರಿಗೂ ಭಾರತದ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಿಸಿಕೊಳ್ಳುವ ಅವಕಾಶ ಇದೆ, ಎಷ್ಟೋ ಜನ ಅದನ್ನು ಕಾಗದದಲ್ಲೇ ಬಿಟ್ಟಿರುತ್ತಾರೆ.

ಇಷ್ಟು ಓದಿಯೂ ಸೆಡಾನೇ ಬೇಕೆಂದರೆ ಬೇಡ ಅನ್ನಲು ನಾನು ಯಾರು. ಒಂದು ಕೆಲಸ ಮಾತ್ರ ಮಾಡಿ. ಶೋರೂಮಿಗೆ ಹೋಗುವಾಗ ಮಗುವಿನ ಗಾಡಿಯನ್ನೂ ವಿಮಾನದ ದೊಡ್ಡ ಸೂಟ್‌ಕೇಸನ್ನೂ ಒಯ್ಯಿರಿ, ಅಮ್ಮ ಇಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಬಣ್ಣ, ಬೆಲೆ, ಕಂತು ಕೇಳುವ ಮುಂಚೆ ಎರಡನ್ನೂ ಡಿಕ್ಕಿಗೆ ಹಾಕಿ ನೋಡಿ, ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎ58ರಲ್ಲಿ ಒಂದು ಸುತ್ತು ಬನ್ನಿ.