ಜಾನಪದ ಸಮೀಕ್ಷೆಗಳಲ್ಲಿ ಮಾದರಿ ಮತ್ತು ಅಂದಾಜು: ಒಂದು ಪರಿಶೀಲನೆ

ಕ್ಷೇತ್ರಕಾರ್ಯವನ್ನು ಆಧರಿಸಿದ ನಮ್ಮ ಜಾನಪದ ಪ್ರಬಂಧಗಳಲ್ಲಿ ಶೇಕಡಾವಾರು ಅಂಕಿಗಳಿಗೆ ಕೊರತೆಯಿಲ್ಲ. ಆಚರಣೆಯೊಂದು ಎಷ್ಟು ಕುಟುಂಬಗಳಲ್ಲಿ ಉಳಿದಿದೆ ಎಂಬುದನ್ನು ದಶಾಂಶದವರೆಗೂ ಹೇಳುವವರಿದ್ದಾರೆ. ಆದರೆ ಆ ಊರುಗಳು ಆಯ್ಕೆಯಾದದ್ದು ಹೇಗೆ ಎಂದು ನೋಡಿದರೆ, ಪರಿಚಯದ ವಕ್ತೃ ಇದ್ದ ಊರು, ಬಸ್ಸು ಹೋಗುವ ಊರು ಎಂಬುದಷ್ಟೇ ಉತ್ತರ. ಪಠ್ಯ ಸಂಗ್ರಹಕ್ಕೆ ಈ ಮಾರ್ಗ ಸರಿಯೇ. ಇಡೀ ಕಾವ್ಯ ಬಲ್ಲ ಗಾಯಕನನ್ನು ಚೀಟಿ ಎತ್ತಿ ಹುಡುಕಲಾಗದು. ಆದರೆ ಅವನ ಊರನ್ನೇ ತಾಲ್ಲೂಕಿನ ಪ್ರತಿನಿಧಿಯೆಂದು ಪರಿಗಣಿಸಿ ಪರಂಪರೆಯ ಅಳಿವು ಉಳಿವುಗಳ ತೀರ್ಪು ನೀಡುವುದು ಬೇರೆಯೇ ಮಾತು.

ಹಣ ಸಾಲದೆಂಬುದು ಇದಕ್ಕೆ ದೊರೆಯುವ ಸಮಾಧಾನ. ಇದು ಒಪ್ಪತಕ್ಕದ್ದಲ್ಲ. ಮಾದರಿ ಸಮೀಕ್ಷೆಯ ಶಾಸ್ತ್ರವು ಬಹುಮಟ್ಟಿಗೆ ಬೆಳೆದದ್ದೇ ಹಣದ ಮಿತಿಯೊಳಗೆ. 1937ರಿಂದ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಅಂದಾಜು ಮಾಡಲು ಪ್ರಶಾಂತಚಂದ್ರ ಮಹಲನೋಬಿಸ್ ಅವರು ಕೈಗೊಂಡ ಸಮೀಕ್ಷೆಗಳಲ್ಲಿ ಅಳತೆಯ ಚೌಕ ಎಷ್ಟು ದೊಡ್ಡದಿರಬೇಕು, ಅವು ಎಷ್ಟಿರಬೇಕು ಎಂಬುದನ್ನು ವೆಚ್ಚ ಮತ್ತು ದೋಷ ಎರಡನ್ನೂ ಒಟ್ಟಿಗೆ ತೂಗಿ ನಿರ್ಧರಿಸುವ ಕ್ರಮ ರೂಪುಗೊಂಡಿತು. 1944ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವರ ದೀರ್ಘ ಲೇಖನವು ಇದನ್ನು ವಿವರಿಸುತ್ತದೆ.

ಇದರ ಅನ್ವಯವನ್ನು ನೋಡೋಣ. ಒಬ್ಬ ಸಂಶೋಧಕ 10 ಊರುಗಳಲ್ಲಿ ತಲಾ 40ರಂತೆ 400 ಮನೆಗಳನ್ನು ಸಂದರ್ಶಿಸುತ್ತಾನೆ. ಒಂದೇ ಊರಿನ ಮನೆಗಳ ನಡುವಣ ಸಾದೃಶ್ಯವನ್ನು ಸೂಚಿಸುವ ಸಹಸಂಬಂಧಾಂಕ 0.1 ಇದ್ದರೂ, ಆ 400 ಮನೆಗಳಿಂದ ಸಿಗುವುದು ಸ್ವತಂತ್ರವಾಗಿ ಆಯ್ದ ಸುಮಾರು 82 ಮನೆಗಳಷ್ಟೇ ಮಾಹಿತಿ. ಓಡಾಟದ ಖರ್ಚಿನಿಂದಾಗಿ 25 ಊರುಗಳಲ್ಲಿ ತಲಾ 10ರಂತೆ 250 ಮನೆಗಳನ್ನು ಮಾತ್ರ ನೋಡಲಾದರೂ ಅದು ಸುಮಾರು 132 ಮನೆಗಳಿಗೆ ಸಮನಾಗುತ್ತದೆ. ಮನೆಗಳು ಕಡಿಮೆ, ಅಂದಾಜು ಹೆಚ್ಚು ನಂಬತಕ್ಕದ್ದು. ಜಾನಪದದಲ್ಲಂತೂ ಕುಲ, ಒಕ್ಕಲು, ಮನೆದೇವರುಗಳ ಕಾರಣದಿಂದ ಈ ಸಾದೃಶ್ಯ ಇನ್ನೂ ಹೆಚ್ಚಿರುತ್ತದೆ. ಅದು 0.5 ಆದರೆ ಮೊದಲಿನ 400 ಮನೆಗಳು ಕುಗ್ಗಿ ಬರೀ 20ರಷ್ಟಾಗುತ್ತವೆ! ದಶಾಂಶಕ್ಕೆ ಅಲ್ಲಿ ಅರ್ಥವೇನು?

ಇನ್ನೊಂದು ತೊಡಕು ವಿರಳ ಪರಂಪರೆಗಳದ್ದು. ನೀಲಗಾರರಾಗಲಿ ಕಿನ್ನರಿ ಜೋಗಿಗಳಾಗಲಿ ಎಲ್ಲ ಊರುಗಳಲ್ಲೂ ಸಮನಾಗಿ ಹರಡಿಕೊಂಡಿಲ್ಲ. ಹೆಳವರಂತೂ ಒಕ್ಕಲುಗಳನ್ನು ಅರಸಿ ಸಂಚರಿಸುವವರು; ಬೀಗ ಹಾಕಿದ ಮನೆಯನ್ನು ಸಮೀಕ್ಷಕ ಕೈಬಿಟ್ಟರೆ ಪರಂಪರೆಯೇ ಲೆಕ್ಕದಿಂದ ಹೊರಗುಳಿಯುತ್ತದೆ. ಇಲ್ಲಿ ಜೆರ್ಜಿ ನೇಮನ್ 1934ರಲ್ಲಿ ಪ್ರತಿಪಾದಿಸಿದ ಹಂಚಿಕೆ ನೆರವಾಗುತ್ತದೆ: ಪ್ರತಿಯೊಂದು ಸ್ತರದ ಪಾಲು ಅದರ ಗಾತ್ರವನ್ನಷ್ಟೇ ಅಲ್ಲ, ಅದರೊಳಗಿನ ವೈವಿಧ್ಯವನ್ನೂ ಅವಲಂಬಿಸಬೇಕು. ಕಲಾವಿದರಿರುವುದು ತಿಳಿದ ಊರುಗಳನ್ನು ಪ್ರತ್ಯೇಕ ಸ್ತರವಾಗಿಸಿ ಅಲ್ಲಿ ದಟ್ಟವಾಗಿ ಆಯ್ಕೆ ಮಾಡಬಹುದು. ಆದರೆ ಅಂದಾಜಿನ ವೇಳೆ ಎರಡೂ ಸ್ತರಗಳಿಗೆ ಅವುಗಳ ನಿಜವಾದ ತೂಕವನ್ನೇ ನೀಡಬೇಕು. ಎಣಿಕೆಗಳನ್ನು ಸುಮ್ಮನೆ ಕೂಡಿಸಿದರೆ ಪರಂಪರೆಯು ಇರುವುದಕ್ಕಿಂತ ಸಮೃದ್ಧವಾಗಿ ಕಾಣುತ್ತದೆ.

ಮಹಲನೋಬಿಸ್ ಅವರ ಮತ್ತೊಂದು ಉಪಾಯವನ್ನು ಜಾನಪದ ವಿದ್ವಾಂಸರು ಗಮನಿಸಿದ್ದು ಕಡಿಮೆ. ಒಂದೇ ಪ್ರದೇಶದಿಂದ ಸ್ವತಂತ್ರವಾಗಿ ಆಯ್ದ ಎರಡು ಉಪಮಾದರಿಗಳನ್ನು ಬೇರೆ ಬೇರೆ ಸಮೀಕ್ಷಕರಿಗೆ ಒಪ್ಪಿಸುವುದು ಆ ಕ್ರಮ. ಒಂದನ್ನು ಪುರುಷನಿಗೂ ಇನ್ನೊಂದನ್ನು ಮಹಿಳೆಗೂ ವಹಿಸಿ ಸೋಬಾನೆ ಪದ ಬಲ್ಲವರನ್ನು ಎಣಿಸಲಿ. ಎರಡು ಅಂದಾಜುಗಳ ನಡುವೆ ಆಕಸ್ಮಿಕತೆಯಿಂದ ವಿವರಿಸಲಾಗದಷ್ಟು ಅಂತರ ಕಂಡರೆ, ಅಲ್ಲಿ ಅಳೆಯಲ್ಪಟ್ಟದ್ದರಲ್ಲಿ ಒಂದು ಪಾಲು ಹಾಡಿನದು, ಇನ್ನೊಂದು ಪಾಲು ಕೇಳುಗನ ಎದುರು ಹೆಂಗಸರು ತಾಳಿದ ಮೌನದ್ದು.