ಬಳೆ ಕಂಡಿತು, ಗುಡಿ ಕಾಣಲಿಲ್ಲ

ಬೇಲೂರಿಗೆ ಹೋಗಿಬಂದವರ ಫೋನ್ ಗ್ಯಾಲರಿ ಒಮ್ಮೆ ತೆರೆದು ನೋಡಿ. ಕನ್ನಡಿ ಹಿಡಿದ ದರ್ಪಣ ಸುಂದರಿ ಇದ್ದೇ ಇರುತ್ತಾಳೆ. ಮದನಿಕೆಯ ಕೈಯಲ್ಲಿ ತಿರುಗುವ ಬಳೆ ಇರುತ್ತೆ. ಅಂಗಳದಲ್ಲಿ ತನ್ನ ಭಾರದಿಂದಲೇ ನಿಂತಿರುವ ಕಂಬದ ಅಡಿಗೆ ಗೈಡ್ ಕಾಗದ ತೂರಿಸುವ ವಿಡಿಯೋ ಇರುತ್ತೆ. ಇಡೀ ಗುಡಿ ಒಂದೇ ಫ್ರೇಮಿನಲ್ಲಿ ಇರೋ ಫೋಟೋ ಮಾತ್ರ ಸಿಗೋದು ಅಪರೂಪ. ಸಿಕ್ಕರೂ ಅದರ ಮುಂದೆ ಹದಿನಾಲ್ಕು ಜನ ನೆಂಟರು ಸಾಲಾಗಿ ನಿಂತಿರುತ್ತಾರೆ.

ಫೋಟೋ ತೆಗೆದವರ ತಪ್ಪೇನಿಲ್ಲ ಬಿಡಿ. ಹೊಯ್ಸಳರ ಗುಡಿಗಳನ್ನು ಹೀಗೇ ನೋಡಬೇಕು ಅಂತ ನಮಗೆ ಕಲಿಸಿಕೊಟ್ಟಿದ್ದಾರೆ. ಬೆಂಗಳೂರಿನಿಂದ ಹೊರಡುವ ಒಂದು ದಿನದ ಟೂರಿನಲ್ಲಿ ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರೂ ಮುಗಿಯಬೇಕು. ಒಂದೊಂದು ಕಡೆ ಸಿಗುವುದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಗೈಡ್ ಏನು ತಾನೆ ಮಾಡಿಯಾನು? ಟಾರ್ಚ್ ಹಾಕಿ ಒಂದು ಉಗುರು, ಒಂದು ಜಡೆ, ಒಂದು ಬಳೆ ತೋರಿಸಿ, "ಇದು ಮನುಷ್ಯರು ಮಾಡಿದ್ದು ಅಂದ್ರೆ ನಂಬ್ತೀರಾ ಸಾರ್?" ಅಂತ ಕೇಳುತ್ತಾನೆ. ನಾವು "ಅಬ್ಬಾ" ಅನ್ನುತ್ತೇವೆ. ಬಸ್ಸು ಹಾರ್ನ್ ಹೊಡೆಯುತ್ತೆ.

ನನ್ನ ತಕರಾರು ಇರುವುದು ಈ "ಅಬ್ಬಾ" ಮೇಲೆ. ಅದು ಮೆಚ್ಚುಗೆಯ ಹಾಗೆ ಕೇಳಿಸುತ್ತೆ, ಆದರೆ ನೋಡುವುದನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೆ. ಪವಾಡ ಅಂದುಬಿಟ್ಟರೆ ಮುಂದಕ್ಕೆ ಕೇಳುವುದಕ್ಕೆ ಪ್ರಶ್ನೆಯೇ ಉಳಿಯೋದಿಲ್ಲ. ಗುಡಿ ಯಾಕೆ ಹೀಗಿದೆ, ಹೇಗೆ ನಿಂತಿದೆ, ಯಾರು ಕಟ್ಟಿದರು ಅನ್ನುವ ಮೂರೂ ಪ್ರಶ್ನೆಗಳು ಬಳೆಯ ಜೊತೆಗೇ ತಿರುಗಿ ಮಾಯವಾಗುತ್ತವೆ.

ಇದಕ್ಕೆ ನನ್ನ ಹತ್ತಿರ ಒಂದು ಸಣ್ಣ ಮದ್ದಿದೆ. ಬೇಲೂರು, ಹಳೇಬೀಡಿಗೆ ಹೋಗುವ ಮೊದಲು ಅರಸೀಕೆರೆಯಲ್ಲಿ ಇಳಿಯಿರಿ.

ಹುಬ್ಬಳ್ಳಿ ಕಡೆಯ ರೈಲು ಹತ್ತಿದವರಿಗೆಲ್ಲ ಅರಸೀಕೆರೆ ಅಂದರೆ ಜಂಕ್ಷನ್. ಊರಿನೊಳಗೆ 1220ರ ಸುಮಾರಿನ ಒಂದು ಈಶ್ವರ ಗುಡಿ ಇದೆ; ಊರವರು ಶಿವಾಲಯ ಅನ್ನುತ್ತಾರೆ. ಟೂರ್ ಬಸ್ಸುಗಳು ಇಲ್ಲಿಗೆ ಬರುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಹೊಯ್ಸಳ ಗುಡಿಗಳು ಮೂರು: ಬೇಲೂರು, ಹಳೇಬೀಡು, ಸೋಮನಾಥಪುರ. ಅರಸೀಕೆರೆಗೆ ಅದರಲ್ಲಿ ಜಾಗವಿಲ್ಲ.

ಇಲ್ಲಿ ಹಳೇಬೀಡಿನ ಹಾಗೆ ಗೋಡೆ ತುಂಬ ಶಿಲ್ಪಗಳ ನೂಕುನುಗ್ಗಲು ಇಲ್ಲ. ಕಣ್ಣಿಗೆ ಮೊದಲು ಬೀಳುವುದು ಮುಂದಿನ ತೆರೆದ ಮಂಟಪ. ಹದಿನಾರು ಮೂಲೆಯ ನಕ್ಷತ್ರದ ಆಕಾರ, ಸುತ್ತ ಮೋಟು ಗೋಡೆ, ಒಳಗೆ ಕಂಬಗಳು, ತಲೆಯ ಮೇಲೆ ಗುಮ್ಮಟದ ಹಾಗೆ ಬಾಗಿದ ಒಳಛಾವಣಿ. ನಕ್ಷತ್ರ ಅಂದರೆ ಗಾಬರಿ ಬೇಡ. ಹಾಳೆಯ ಮೇಲೆ ಒಂದು ಚೌಕ ಬರೆಯಿರಿ. ನಡುಬಿಂದು ಕದಲಿಸದೆ ಅದನ್ನೇ ಸ್ವಲ್ಪ ಸ್ವಲ್ಪ ತಿರುಗಿಸಿ ಇನ್ನೂ ಮೂರು ಸಲ ಬರೆಯಿರಿ. ಹದಿನಾರು ಮೂಲೆ ಬಂತಲ್ಲ, ಅಷ್ಟೇ. ಹಗ್ಗ, ಗೂಟ, ಲೆಕ್ಕ ಇದ್ದರೆ ನೆಲದ ಮೇಲೂ ಇದನ್ನು ಎಳೆಯಬಹುದು. ಕಷ್ಟ ಇರುವುದು ಆಮೇಲೆ. ನೆಲದಲ್ಲಿ ಎಳೆದ ಆ ಗೆರೆ ತಳಪಾಯದಿಂದ ಸೂರಿನವರೆಗೆ ತಪ್ಪದ ಹಾಗೆ ಕಲ್ಲು ಕೊರೆದು ಜೋಡಿಸಬೇಕು.

ಮಂಟಪದ ನಡುವೆ ನಿಂತು ಮೇಲೆ ನೋಡಿದರೆ ಕಲ್ಲಿನ ಬಳೆಗಳು ಒಂದರ ಮೇಲೊಂದು, ಮೇಲಕ್ಕೆ ಹೋದ ಹಾಗೆ ಕಿರಿದಾಗುತ್ತಾ, ಛಾವಣಿಯನ್ನು ಮುಚ್ಚುತ್ತವೆ. ಸುತ್ತಲಿಂದ ಬೆಳಕು ಬರುತ್ತೆ, ಗಾಳಿ ಬರುತ್ತೆ. ಇಲ್ಲಿ ಗೈಡ್ ಇಲ್ಲದೆಯೂ ಒಂದು ವಿಷಯ ಅರ್ಥವಾಗುತ್ತೆ: ಹೊಯ್ಸಳ ಗುಡಿ ಅಂದರೆ ಶಿಲ್ಪ ಅಂಟಿಸಿದ ಗೋಡೆ ಅಷ್ಟೇ ಅಲ್ಲ, ಒಳಗೆ ನಿಲ್ಲೋದಕ್ಕೆ, ಕೂರೋದಕ್ಕೆ, ಸುತ್ತೋದಕ್ಕೆ ಅಂತ ಯೋಚಿಸಿ ಕಟ್ಟಿದ ಜಾಗ.

ಅರಸೀಕೆರೆಯ ಈ ಗುಡಿಯ ಕಾಲದಲ್ಲೇ, 1221ರಲ್ಲಿ, ಸ್ಪೇನಿನ ಬುರ್ಗೋಸ್ ಎಂಬ ಊರಿನಲ್ಲಿ ಒಂದು ಗಾಥಿಕ್ ಕೆಥೆಡ್ರಲ್ ಕಟ್ಟಲು ಶುರುವಾಯಿತು. ಅದು ಪೂರ್ತಿಯಾಗಲು ಶತಮಾನಗಳೇ ಹಿಡಿದವು. ನಡುಮನೆಯ ಮೇಲಿನ ನಕ್ಷತ್ರದ ಆಕಾರದ ಜಾಲರಿ ಛಾವಣಿ ಬಂದದ್ದು 16ನೇ ಶತಮಾನದಲ್ಲಿ. 1984ರಲ್ಲಿ ಅದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಆಫೀಸುಗಳಲ್ಲಿ ಯುರೋಪ್ ಟ್ರಿಪ್ ಮುಗಿಸಿ ಬಂದವರು ಇಂಥ ಚರ್ಚುಗಳ ಬಗ್ಗೆ ಮಾತಾಡೋದನ್ನು ಗಮನಿಸಿ. ಒಳಗೆ ಕಾಲಿಟ್ಟಾಗ ಹೇಗನ್ನಿಸಿತು, ಕಂಬಗಳು ಎಷ್ಟು ಎತ್ತರ, ಬಣ್ಣದ ಗಾಜಿನಿಂದ ಬೆಳಕು ಹೇಗೆ ಬೀಳುತ್ತಿತ್ತು ಅಂತ ಹೇಳುತ್ತಾರೆ. ಅಂದರೆ ಕಟ್ಟಡದ ಬಗ್ಗೆ ಮಾತಾಡುತ್ತಾರೆ. ಅದೇ ಜನ ಬೇಲೂರಿನಿಂದ ಬಂದರೆ ಬಳೆಯ ಬಗ್ಗೆ ಮಾತಾಡುತ್ತಾರೆ. ಅಲ್ಲಿ ನೋಡಲು ಗೊತ್ತಿದ್ದ ಕಣ್ಣಿಗೆ ಇಲ್ಲಿ ಏನಾಯಿತು?

ಎರಡೂ ಬೇರೆ ಬೇರೆ ಬಗೆಯ ಕಟ್ಟಡ, ನಿಜ. ಗಾಥಿಕ್ ಕಟ್ಟಡ ನಿಂತಿರುವುದು ಕಮಾನಿನ ಮೇಲೆ. ಕಮಾನು ಪಕ್ಕಕ್ಕೆ ನೂಕುತ್ತೆ, ಅದನ್ನು ತಡೆಯಲು ಹೊರಗಿನಿಂದ ಕಲ್ಲಿನ ಆನಿಕೆಗಳು ಬೇಕು. ಹಾಗೆ ಮಾಡಿದ್ದರಿಂದ ಗೋಡೆಯ ಭಾರ ಇಳಿದು, ದೊಡ್ಡ ದೊಡ್ಡ ಕಿಟಕಿಗಳಿಗೆ ಜಾಗ ಸಿಕ್ಕಿತು. ಹೊಯ್ಸಳರದ್ದು ಕಂಬ ಮತ್ತು ತೊಲೆಯ ಲೆಕ್ಕ. ಭಾರ ನೆಟ್ಟಗೆ ಕೆಳಗಿಳಿಯುತ್ತೆ. ಹಾಗಾಗಿ ಈ ಗುಡಿಗಳು ಆಕಾಶಕ್ಕೆ ಹಾರುವ ಗೋಜಿಗೆ ಹೋಗದೆ ಅಡ್ಡಕ್ಕೆ ಹರಡಿಕೊಳ್ಳುತ್ತವೆ. ಗೋಡೆ ಸೀರೆಯ ನೆರಿಗೆಯ ಹಾಗೆ ಮಡಚಿಕೊಳ್ಳುತ್ತಾ ಹೋಗುತ್ತೆ. ಪ್ರತಿ ಮಡಿಕೆಯಲ್ಲೂ ಒಂದಿಷ್ಟು ಬಿಸಿಲು, ಒಂದಿಷ್ಟು ನೆರಳು. ಇದನ್ನು ಒಂದೇ ಕಡೆ ನಿಂತು ನೋಡೋಕಾಗಲ್ಲ, ಸುತ್ತಲೇಬೇಕು. ಗುಡಿಯ ಸುತ್ತ ಇರುವ ಅಗಲವಾದ ಜಗತಿ ಅದಕ್ಕೇ ಇರೋದು.

ತಮಾಷೆಯೆಂದರೆ, ಇದನ್ನು ಗಮನಿಸಿ ಬರೆದವನು ಹೊರಗಿನವನು. ವಾಸ್ತುಶಿಲ್ಪದ ಚರಿತ್ರೆಕಾರ ಜೇಮ್ಸ್ ಫರ್ಗುಸನ್ 1876ರ ತನ್ನ ಪುಸ್ತಕದಲ್ಲಿ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನ್ ಪಕ್ಕದಲ್ಲಿಟ್ಟು, ಇವೆರಡೂ ಕಟ್ಟಡ ಕಲೆಯ ಎರಡು ತುದಿಗಳು ಅಂದ. ಯುರೋಪಿನ ಗಾಥಿಕ್ ಕುಶಲಿಗಳು ಸಾಧಿಸಲು ಹೆಣಗಿದ್ದನ್ನು ಹಳೇಬೀಡಿನವರು ಅವರಿಗಿಂತ ಚೆನ್ನಾಗಿ ಸಾಧಿಸಿದ್ದಾರೆ ಎಂದೂ ಬರೆದ. ಹೊರಗಿನವರು ಹೊಗಳಿದರು ಅಂತ ಎದೆಯುಬ್ಬಿಸೋ ಮೊದಲು ಅವನು ಹೊಗಳಿದ್ದು ಯಾವುದನ್ನು ಅಂತ ನೋಡಿ: ಅಡ್ಡ ಗೆರೆ ಮತ್ತು ಉದ್ದ ಗೆರೆಗಳ ಹೊಂದಾಣಿಕೆ, ಹೊರ ಆಕಾರದ ಏರಿಳಿತ, ನೆರಳು ಬೆಳಕಿನ ಆಟ. ಆ ಮಾತು ಕಟ್ಟಡದ ಬಗ್ಗೆ.

ಅರಸೀಕೆರೆ ನೋಡಿಕೊಂಡು ಹೋದರೆ ಬೇಲೂರೂ ಬೇರೆಯಾಗಿ ಕಾಣುತ್ತೆ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ನವರಂಗ ತೆರೆದೇ ಇತ್ತು. ಸುತ್ತಲಿನ ಜಾಲಂಧ್ರಗಳು ಬಂದದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಈಗ ಒಳಗೆ ಟಾರ್ಚ್ ಬೇಕಾಗುವುದು ಅದಕ್ಕೇ. ಆ ಜಾಲರಿಗಳನ್ನು ಮನಸ್ಸಿನಲ್ಲೇ ತೆಗೆದು ನೋಡೋಣ ಅಂದರೆ, ಅರಸೀಕೆರೆಯ ಮಂಟಪದಲ್ಲಿ ನಿಂತವರಿಗೆ ಅದು ಸುಲಭ. ಹಾಗೇ ಬೇಲೂರು, ಹಳೇಬೀಡುಗಳ ಗರ್ಭಗುಡಿಯ ಮೇಲೆ ಈಗ ಶಿಖರವಿಲ್ಲ, ಅರಸೀಕೆರೆಯಲ್ಲಿದೆ. ನಕ್ಷತ್ರದ ಮೂಲೆಗಳು ಗೋಡೆ ದಾಟಿ ಶಿಖರದಲ್ಲೂ ಮುಂದುವರಿಯುವುದನ್ನು ಅಲ್ಲಿ ನೋಡಿದರೆ ಇಲ್ಲಿ ಏನು ಇಲ್ಲವಾಗಿದೆ ಅಂತ ತಿಳಿಯುತ್ತೆ.

ಹಳೇಬೀಡು ಬೇಲೂರಿನಿಂದ ಬರೀ 16 ಕಿಲೋಮೀಟರ್. ಅಲ್ಲಿ ಮೊದಲು ಸ್ವಲ್ಪ ದೂರ ನಿಂತು, ಕೆಳಗಿನ ಪಟ್ಟಿಗಳು ಇಡೀ ಕಟ್ಟಡವನ್ನು ಹೇಗೆ ನೆಲಕ್ಕೆ ಕಟ್ಟಿಹಾಕಿವೆ ಅಂತ ನೋಡಿ. ತೀರಾ ಕೆಳಗೆ ಆನೆಗಳು, ಮೇಲೆ ಸಿಂಹ, ಬಳ್ಳಿ, ಕುದುರೆ, ಅವುಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ಭಾರ ಹೊರುವ ಜಾಗದಲ್ಲಿ ಭಾರ ಹೊರುವ ಪ್ರಾಣಿ. ಕಥೆಯ ಪಟ್ಟಿ ಕೂಡ ಪ್ರದಕ್ಷಿಣೆ ಬರುವವರ ಜೊತೆ ಸಾಗುತ್ತೆ. ಇಷ್ಟು ಕಂಡ ಮೇಲೆ ಆನೆಯ ಉಗುರನ್ನು ಧಾರಾಳವಾಗಿ ನೋಡಿ.

ಇನ್ನು ಕಟ್ಟಿದವರ ವಿಷಯ. ಗೈಡುಗಳು ಹೇಳುವ ಹೆಸರು ಒಂದೇ, ಅಮರಶಿಲ್ಪಿ ಜಕಣಾಚಾರಿ. 1964ರಲ್ಲಿ ಆ ಹೆಸರಿನ ಸಿನಿಮಾ ಬಂತು, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಶಿಲ್ಪಿಗಳಿಗೆ ಸರ್ಕಾರ ಕೊಡುವ ಪ್ರಶಸ್ತಿಯೂ ಅವನ ಹೆಸರಿನಲ್ಲೇ ಇದೆ. ಕಥೆ ಚೆನ್ನಾಗಿದೆ: ಅಪ್ಪ ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಅಂತ ಮಗ ಡಂಕಣ ಹೇಳುತ್ತಾನೆ, ಒಡೆದರೆ ಒಳಗಿಂದ ಕಪ್ಪೆ ಬರುತ್ತೆ. ಕಲ್ಲಿನ ಒಳಗನ್ನು ಬಲ್ಲ ಕಣ್ಣಿಗೆ ಜನಪದ ಕೊಟ್ಟ ಗೌರವ ಅದು. ಅದನ್ನು ಹೇಳಬೇಡಿ ಅಂತ ನಾನೂ ಅನ್ನಲ್ಲ. ಆದರೆ ಈ ಗುಡಿಗಳ ಯಾವ ಶಾಸನದಲ್ಲೂ ಜಕಣನ ಹೆಸರಿಲ್ಲ. ಇರುವುದು ಬೇರೆ ಹೆಸರುಗಳು. ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಹಳೇಬೀಡಿನ ಗೋಡೆಯ ಶಿಲ್ಪಗಳ ಕೆಳಗೆ ಮಾಬಲ, ಬಲ್ಲಣ, ಬೋಚಣ, ಕೇತಣ, ರೇವೋಜ ಇದ್ದಾರೆ. ಕೆಲವರು ಎದುರಾಳಿ ಶಿಲ್ಪಿಗಳಿಗಿಂತ ತಾವೇ ಮೇಲು ಅನ್ನುವ ಬಿರುದುಗಳನ್ನೂ ಪಕ್ಕದಲ್ಲೇ ಕೆತ್ತಿಕೊಂಡಿದ್ದಾರೆ.

ತಿಂಗಳುಗಟ್ಟಲೆ ದುಡಿದ ಪ್ರಾಜೆಕ್ಟಿನ ಕೊನೆಯ ಸ್ಲೈಡಿನಲ್ಲಿ ನಮ್ಮ ಹೆಸರು ಬಿಟ್ಟುಹೋದರೆ ನಾವು ಎರಡು ದಿನ ಊಟ ಸೇರದೆ ಓಡಾಡುತ್ತೇವೆ. ಇವರು ಒಂಬೈನೂರು ವರ್ಷದ ಹಿಂದೆಯೇ ಆ ಎಚ್ಚರ ವಹಿಸಿ ತಮ್ಮ ಹೆಸರನ್ನು ತಾವೇ ಬರೆದಿಟ್ಟರು. ಆದರೂ ನಾವು ಎಲ್ಲವನ್ನೂ ಒಬ್ಬ ದಂತಕಥೆಯ ನಾಯಕನ ಖಾತೆಗೆ ಹಾಕಿದೆವು. ಅದೂ ಸಾಲದು ಅಂತ ಈಗ ಯೂಟ್ಯೂಬಿನಲ್ಲಿ "ಪುರಾತನ ಯಂತ್ರ"ಗಳ ಖಾತೆಗೂ ಹಾಕುತ್ತಿದ್ದೇವೆ. ಕಂಬಗಳನ್ನು ತಿರುಗಣೆಯಲ್ಲಿ ತಿರುಗಿಸಿ ನುಣುಪು ಮಾಡಿದ್ದು ಹೌದು. ಬಳಪದ ಕಲ್ಲು ಅಗೆದು ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತೆ ಅನ್ನುವುದೂ ಹೌದು. ಆ ಕಲ್ಲನ್ನು ಆರಿಸಿದವರು, ಅದರ ಸ್ವಭಾವ ಅರಿತು ಉಳಿ ಹಿಡಿದವರು ಮನುಷ್ಯರು. ಅವರಿಗೆ ಊರಿತ್ತು, ಅಪ್ಪ ಇದ್ದ, ಸ್ವಲ್ಪ ಜಂಬವೂ ಇತ್ತು.

ಹಾಗಾಗಿ ಮುಂದಿನ ಸಲ ಗೈಡ್ "ಮನುಷ್ಯರು ಮಾಡಿದ್ದು ಅಂದ್ರೆ ನಂಬ್ತೀರಾ ಸಾರ್?" ಅಂತ ಕೇಳಿದರೆ, ಅವನ ಟಾರ್ಚನ್ನು ಸ್ವಲ್ಪ ಕೆಳಗೆ, ಶಿಲ್ಪದ ಪಾದದ ಹತ್ತಿರ ಹಾಕಲು ಹೇಳಿ. ಲಿಪಿ ಹಳೆಯದು, ತಕ್ಷಣ ಓದಲು ಬರದೇ ಇರಬಹುದು. ಆದರೆ ಅದು ಕನ್ನಡವೇ.